ರೇಖಿಯ ಫಲವೋ, ದಾದಿಯ ಸಾನ್ನಿಧ್ಯದ ಫಲವೋ?

ಸಿರುಗುಪ್ಪದಿಂದಲೋ ಕುರುಗೋಡಿನಿಂದಲೋ ಬಸ್ಸು ಹಿಡಿದು ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಬಂದ ರೋಗಿಯು, ಮುಂಗೈಗೆ ಡ್ರಿಪ್ಪಿನ ಸೂಜಿ ಹಾಕಿಸಿಕೊಂಡು ಕಳವಳದಿಂದ ಮಲಗಿರುವಾಗ, ದಾದಿಯೊಬ್ಬರು ಬಳಿ ಬಂದು ತಮ್ಮ ಅಂಗೈಗಳನ್ನು ಆತನ ಹೆಗಲ ಮೇಲೆ ಮೃದುವಾಗಿ ಇರಿಸಿದರೆ ವ್ಯಥೆಯು ಶಮನವಾದೀತೇ? ಜಪಾನಿನ ಮಿಕಾವೊ ಉಸುಯಿಯವರು 1922ರಲ್ಲಿ ಆರಂಭಿಸಿದ ರೇಖಿ ಪದ್ಧತಿಯು, ಪ್ರಾಣಶಕ್ತಿಯು ಅಂಗೈಗಳ ಮೂಲಕ ಪ್ರವಹಿಸುವುದೆಂದು ಸಾರುತ್ತದೆ. ಅಂತಹ ಶಕ್ತಿಯನ್ನು ಯಾವ ಉಪಕರಣವೂ ಇದುವರೆಗೆ ಅಳೆದಿಲ್ಲ.

ಪರೀಕ್ಷೆಗಳೇನೋ ನಡೆದಿವೆ. ಅವುಗಳಲ್ಲಿ 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನವು ನನಗೆ ಅತ್ಯಂತ ಮನನೀಯವಾಗಿ ತೋರುತ್ತದೆ. ಕೀಮೋಥೆರಪಿ ಪಡೆಯುತ್ತಿದ್ದ 189 ರೋಗಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ನಿಜವಾದ ರೇಖಿಯನ್ನೂ, ಇನ್ನೊಂದಕ್ಕೆ ಅದರ ಬರಿಯ ಅನುಕರಣವನ್ನೂ, ಮತ್ತೊಂದಕ್ಕೆ ವಾಡಿಕೆಯ ಆರೈಕೆಯನ್ನಷ್ಟೇ ಒದಗಿಸಲಾಗಿ, ನಿಜ ರೇಖಿಯವರಂತೆಯೇ ಹುಸಿ ರೇಖಿಯವರೂ ಗಣನೀಯವಾದ ನೆಮ್ಮದಿಯನ್ನು ಕಂಡರು. ವಾಡಿಕೆಯ ಆರೈಕೆಯವರಲ್ಲಿ ಬದಲಾವಣೆ ಕಾಣಲಿಲ್ಲ. ರೋಗಿಯೊಬ್ಬನಿಗಾಗಿಯೇ ದಾದಿಯು ಪಕ್ಕದಲ್ಲಿ ಇದ್ದುದೇ ಆ ಹಿತಕ್ಕೆ ಕಾರಣವೆಂದು ಸಂಶೋಧಕರು ನಿರ್ಣಯಿಸಿದರು. ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯು ಆತಂಕ, ಖಿನ್ನತೆಗಳಿಗೆ ರೇಖಿಯನ್ನು ಕುರಿತು 2015ರಲ್ಲಿ ನಡೆಸಿದ ಸಮೀಕ್ಷೆಗಾದರೋ ದೊರೆತುದು 3 ಪ್ರಯೋಗಗಳು, 124 ಜನರು. ತೀರ್ಮಾನಕ್ಕೆ ಅಷ್ಟು ಸಾಲದು.

ಬಳ್ಳಾರಿ ಸೀಮೆಯ ಬಂಧುಗಳೇ, ರೇಖಿಯಿಂದ ಮನಸ್ಸಿಗೆ ಸಮಾಧಾನ ದೊರೆಯುವುದಾದರೆ ಅವಶ್ಯವಾಗಿ ಪಡೆಯಿರಿ. ಆದರೆ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನಾಗಲಿ ಇಂಜೆಕ್ಷನ್ನನ್ನಾಗಲಿ ಅದರ ಭರವಸೆಯಿಂದ ಒಂದು ದಿನವೂ ನಿಲ್ಲಿಸಬೇಡಿರಿ. ದಾದಿಯ ಸಾನ್ನಿಧ್ಯವೇ ಹಿತವನ್ನು ತರುವುದಾದರೆ, ನಮ್ಮ ವಾರ್ಡುಗಳಿಗೆ ಇನ್ನಷ್ಟು ದಾದಿಯರನ್ನು ನೇಮಿಸಬೇಕೆಂದು ನಿಮ್ಮ ಪ್ರತಿನಿಧಿಗಳನ್ನು ಕೇಳಿರಿ.