ಮೀಯುವ ನೀರಿಗೊಂದು ರಿಯಾಯಿತಿ

ಮಂಗಳೂರಿನ ಹಳೆಯ ಬಂದರಿನಿಂದ ದೋಣಿಯೇರಿ ಫಲ್ಗುಣಿಯನ್ನು ದಾಟಿ ಬೆಂಗ್ರೆಯ ಮರಳಿನ ಮೇಲೆ ಕಾಲಿಡುವವನಿಗೆ, ನದಿಗೂ ಕಡಲಿಗೂ ನಡುವೆ ಒತ್ತೊತ್ತಾಗಿ ನಿಂತ ಮನೆಗಳು ಸರಿಯಾಗಿ ಕಾಣುವ ಮೊದಲೇ ಎರಡು ವಾಸನೆಗಳು ಎದುರುಗೊಳ್ಳುತ್ತವೆ. ಒಂದು ಒಣಮೀನಿನದು, ಇನ್ನೊಂದು, ಸಾಯಂಕಾಲವಾದರೆ, ಬಚ್ಚಲ ಒಲೆಯಲ್ಲಿ ಉರಿಯುವ ತೆಂಗಿನ ಸಿಪ್ಪೆಯ ಹೊಗೆಯದು. ಶೀತದೇಶದ ಜನ ಮನೆಯನ್ನೇ ಕಾಯಿಸಿಕೊಳ್ಳಬೇಕು. ನಮ್ಮ ಕರಾವಳಿಯಲ್ಲಿ ಮನೆ ತಾನಾಗಿಯೇ ಕಾದಿರುತ್ತದೆ; ಕಾಯಿಸಬೇಕಾದುದು ಮೀಯುವ ನೀರು ಮಾತ್ರ. ಬ್ರಿಟನ್ನಿನ ಸರ್ಕಾರ 2022ರಿಂದ ಹಳೆಯ ಗ್ಯಾಸ್ ಬಾಯ್ಲರನ್ನು ಕಿತ್ತು ಹೀಟ್ ಪಂಪ್ ಕೂರಿಸುವವರಿಗೆ ಮೊದಲು 5,000 ಪೌಂಡು, ಮರುವರ್ಷದಿಂದ 7,500 ಪೌಂಡು ನೆರವು ನೀಡುತ್ತ ಬಂದಿದೆಯೆಂದು ಓದಿದಾಗ, ನಮ್ಮ ಹಂಡೆಗೂ ಇಂಥ ಭಾಗ್ಯವುಂಟೇ ಎಂಬ ಕುತೂಹಲ ನನಗೆ ಹುಟ್ಟಿದ್ದು ಸಹಜವೇ.

ಈ ಕುತೂಹಲಕ್ಕೆ ಒಂದು ನೆಪವೂ ದೊರೆಯಿತು. ದೋಣಿಯಲ್ಲಿ ಪಕ್ಕದಲ್ಲಿ ಕುಳಿತಿದ್ದ ಪರಿಚಿತರೊಬ್ಬರು, "ಸೋಲಾರ್ ಹಾಕಿದ್ರೆ ಸರ್ಕಾರ ಎಪ್ಪತ್ತೆಂಟು ಸಾವಿರ ಕೊಡ್ತದಂತೆ, ಹೌದಾ ಮಾರಾಯ್ರೇ? ನಮ್ಮ ಹಂಡೆ ತೂತಾಗಿದೆ," ಎಂದು ಕೇಳಿದರು. ಆ ಒಂದೇ ಪ್ರಶ್ನೆಯೊಳಗೆ ಎರಡು ಬೇರೆ ಬೇರೆ ಯೋಜನೆಗಳು ಸಿಕ್ಕುಹಾಕಿಕೊಂಡಿದ್ದವು. ಅವನ್ನು ಬಿಡಿಸುವಷ್ಟರಲ್ಲಿ ದೋಣಿ ದಡ ಮುಟ್ಟಿತು. ಅಂದು ಅರ್ಧಕ್ಕೆ ನಿಂತ ಉತ್ತರವನ್ನು ಇಲ್ಲಿ ಪೂರ್ತಿಗೊಳಿಸುತ್ತೇನೆ.

ಹಂಡೆಯನ್ನು ಹೀಗಳೆಯುವ ಉದ್ದೇಶ ನನ್ನದಲ್ಲ. ಮಡಲು, ಗೆರಟೆ, ಸಿಪ್ಪೆ ಇವುಗಳಿಗೆ ಬೆಲೆಯಿಲ್ಲದ ಕಾಲದಲ್ಲಿ, ತೋಟದ ಕಸವೇ ಇಂಧನವಾಗಿ ಅದರ ಬೂದಿಯೇ ಪಾತ್ರೆ ತಿಕ್ಕುವುದಕ್ಕೂ ತೆಂಗಿನ ಬುಡಕ್ಕೂ ಒದಗುತ್ತಿದ್ದ ಆ ವ್ಯವಸ್ಥೆಗಿಂತ ಮಿತವ್ಯಯದ್ದು ಇನ್ನೊಂದಿರಲಿಲ್ಲ. ಆದರೆ ಹೊಗೆಯ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ, ಅದನ್ನು ಕುಡಿದ ಹೆಂಗಸರ ಕಣ್ಣು ಮತ್ತು ಶ್ವಾಸಕೋಶಗಳ ಹೊರತು. ಈ ಲೆಕ್ಕವನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇದ್ದರು. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಅಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರದಿಂದ ಬಂದ ಅಸ್ತ್ರ ಒಲೆ, ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮದ ಸಹಾಯಧನವನ್ನು ಬೆನ್ನಿಗಿಟ್ಟುಕೊಂಡು ಕರ್ನಾಟಕದ ಹಳ್ಳಿಹಳ್ಳಿಗೂ ಹೋಯಿತು. ದೇಶದುದ್ದಕ್ಕೂ ಆ ಕಾರ್ಯಕ್ರಮದಲ್ಲಿ ಕಟ್ಟಿದ ಒಲೆಗಳಲ್ಲಿ ಅನೇಕವು, ದುರಸ್ತಿಗೆ ಯಾರೂ ಬಾರದೆ, ಕೆಲವೇ ವರ್ಷಗಳಲ್ಲಿ ಮಣ್ಣುಗೂಡಿದುವು. ಸರ್ಕಾರದ ಹಣ ಒಲೆಯನ್ನು ಕಟ್ಟುವ ದಿನ ಇದ್ದು, ಅದು ಬಿರಿಯುವ ದಿನ ಇಲ್ಲದಿದ್ದರೆ ಹೀಗಾಗುವುದು.

ಈಗ ವರ್ತಮಾನಕ್ಕೆ ಬರೋಣ. 'ಸೋಲಾರ್' ಎಂಬ ಒಂದೇ ಹೆಸರಿನಲ್ಲಿ ಎರಡು ಪದಾರ್ಥಗಳಿವೆ. ಬಿಸಿಲಿನ ತಾಪದಿಂದ ನೀರು ಕಾಯಿಸುವುದು ಒಂದು. ಇದರಲ್ಲಿ ಕಾದ ನೀರು ಹಗುರಾಗಿ ತಾನೇ ಮೇಲೇರಿ ತೊಟ್ಟಿಯನ್ನು ಸೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ, ಪಂಪಿನ ಹಂಗಿಲ್ಲ. ಬಿಸಿಲಿನ ಬೆಳಕಿನಿಂದ ವಿದ್ಯುತ್ ಹುಟ್ಟಿಸುವ ಫಲಕಗಳದು ಇನ್ನೊಂದು. ಆ ಎಪ್ಪತ್ತೆಂಟು ಸಾವಿರ ಇರುವುದು ಎರಡನೆಯದಕ್ಕೆ: 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ. ನೀರು ಕಾಯಿಸುವ ಸೋಲಾರಿಗೂ ಒಂದು ಕಾಲದಲ್ಲಿ ಕೇಂದ್ರ ಸರ್ಕಾರ ಬೆಲೆಯ ಶೇಕಡಾ 30ರವರೆಗೆ ಕೊಡುತ್ತಿತ್ತು. 2014ರಲ್ಲಿ ಅದು ನಿಂತಿತು.

ಹಾಗಾದರೆ ಹಂಡೆಯವನಿಗೆ ಉಳಿದದ್ದೇನು? ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರಪಟ್ಟಿಯಲ್ಲಿ ಬಹುಕಾಲದಿಂದ ಒಂದು ಮೂಲೆಯಲ್ಲಿ ಕುಳಿತಿರುವ ರಿಯಾಯಿತಿ: ಗೃಹಬಳಕೆಯ ಸಂಪರ್ಕದಲ್ಲಿ ಸೌರ ಜಲತಾಪಕವನ್ನು ಅಳವಡಿಸಿ ಉಪಯೋಗಿಸುತ್ತಿದ್ದರೆ, ಬಳಸಿದ ಪ್ರತಿ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಗರಿಷ್ಠ 50 ರೂಪಾಯಿ. ಬಹುಮಹಡಿ ಕಟ್ಟಡದಲ್ಲಿ ಎಲ್ಲರಿಗೂ ಒಂದೇ ದೊಡ್ಡ ತೊಟ್ಟಿಯಿದ್ದರೂ, ಮನೆಯೊಂದಕ್ಕೆ 100 ಲೀಟರಿನಂತೆ ಸಾಮರ್ಥ್ಯವಿದ್ದರೆ, ಪ್ರತಿ ಮನೆಗೂ ಇದು ಸಲ್ಲುವುದು. ನಮ್ಮೂರಿನಲ್ಲಿ ಇದಕ್ಕಾಗಿ ಖರೀದಿಯ ರಸೀದಿಯೊಡನೆ ಮೆಸ್ಕಾಂ ಉಪವಿಭಾಗದ ಬಾಗಿಲಿಗೆ ಹೋಗಬೇಕು. ಕೇಳದವನಿಗೆ ಇದು ತಾನಾಗಿ ಬರುವುದಿಲ್ಲ. ಇದರ ವಿನೋದವನ್ನೂ ಗಮನಿಸಿ: 100 ಯೂನಿಟ್ ಉರಿಸುವವನಿಗೆ ಪೂರ್ತಿ 50 ರೂಪಾಯಿ, 60 ಯೂನಿಟ್ಟಿನ ಮಿತವ್ಯಯಿಗೆ 30. ವಿದ್ಯುತ್ತನ್ನು ಉಳಿಸಲೆಂದು ಹುಟ್ಟಿದ ರಿಯಾಯಿತಿ, ಹೆಚ್ಚು ಉಳಿಸಿದವನಿಗೆ ಕಡಿಮೆ ಕೊಡುತ್ತದೆ. ರಾಜ್ಯ ಸರ್ಕಾರದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಿಂದ ಬಿಲ್ಲೇ ಶೂನ್ಯವಾದ ಮನೆಯಲ್ಲಿ ಕಳೆಯುವುದಾದರೂ ಏನನ್ನು?

ಆದರೂ ನಿಜವಾದ ಲಾಭ ಅಡಗಿರುವುದು ಆ ಗೃಹಜ್ಯೋತಿಯಲ್ಲಿಯೇ ಎಂದು ನನ್ನ ಎಣಿಕೆ. 2023ರಲ್ಲಿ ಬಂದ ಆ ಯೋಜನೆಯ ಮೂಲ ನಿಯಮದಂತೆ 2022–23ರ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿದಷ್ಟು ಯೂನಿಟ್ ಉಚಿತ, 200ರ ಮಿತಿಯೊಳಗೆ. ಆ ಪಾಲನ್ನು ಮೀರಿದರೆ ಮೀರಿದಷ್ಟಕ್ಕೆ ಹಣ, 200ನ್ನೇ ದಾಟಿದರೆ ಇಡೀ ಬಿಲ್ಲು ತಲೆಯ ಮೇಲೆ. ಎರಡು ಕಿಲೋವ್ಯಾಟಿನ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ ಒಂದು ಯೂನಿಟ್, ತಿಂಗಳಿಗೆ ಮೂವತ್ತು. 100 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡುವುದಕ್ಕಂತೂ ಹೆಚ್ಚುಕಡಿಮೆ ಮೂರು ಯೂನಿಟ್ ಬೇಕು. 190ರ ಆಸುಪಾಸಿನಲ್ಲಿರುವ ಮನೆಗೆ ಮಗಳು ಬಾಣಂತನಕ್ಕೆ ಬಂದಳೆನ್ನಿ. ಎಣ್ಣೆ ನೀರಿನ ನಾಲ್ಕು ವಾರಗಳಲ್ಲಿ ಗೀಸರ್ ಆ ಮನೆಯನ್ನು 200ರ ಗೆರೆಯಾಚೆ ಎತ್ತಿ ಒಗೆಯುತ್ತದೆ. ಅಂಥ ಮನೆಯವರು ಐವತ್ತು ರೂಪಾಯಿಯ ಮುಖ ನೋಡಿ ಸೋಲಾರ್ ಕೊಳ್ಳುವುದಲ್ಲ, ಒಂದು ವರ್ಷದ ಬಿಲ್ಲುಗಳನ್ನು ಮುಂದೆ ಹರಡಿಕೊಂಡು ಎಷ್ಟು ತಿಂಗಳು ಆ ಗೆರೆಯ ಹತ್ತಿರ ಸುಳಿದಿದ್ದೇವೆಂದು ನೋಡಿ ಕೊಳ್ಳಬೇಕು.

ಬೆಂಗ್ರೆಗೆ ಮಾತ್ರ ಸಂಬಂಧಿಸಿದ ಎರಡು ಮಾತು. ಕಡಲ ಉಪ್ಪುಗಾಳಿ ಸಾಧಾರಣ ಕಬ್ಬಿಣದ ಚೌಕಟ್ಟನ್ನು ಬೇಗ ತಿಂದುಹಾಕುವುದರಿಂದ, ತುಕ್ಕಿಗೆ ಖಾತರಿ ಎಷ್ಟು ವರ್ಷವೆಂಬುದನ್ನು ಬರಹದಲ್ಲಿ ಪಡೆಯಬೇಕು. ಬಾಯಿಮಾತಿನ ಖಾತರಿ ಮೊದಲ ಮಳೆಗೇ ಕರಗುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಸೂರ್ಯನೇ ರಜೆಯಲ್ಲಿರುವ ಊರಿದು. ಆದ್ದರಿಂದ ಹಂಡೆಯನ್ನು ಗುಜರಿಗೆ ಕೊಡುವ ಅವಸರ ಬೇಡ.

ಸೂರ್ಯಘರಿಗೇ ಹೋಗುವವರು ಅನುಕ್ರಮವನ್ನು ತಪ್ಪಬಾರದು: ಮೊದಲು ನೋಂದಣಿ, ಮೆಸ್ಕಾಂ ಒಪ್ಪಿಗೆ, ನೋಂದಾಯಿತ ಮಾರಾಟಗಾರನಿಂದ ಜೋಡಣೆ, ನೆಟ್ ಮೀಟರ್, ತಪಾಸಣೆ, ಕೊನೆಗೆ ಬ್ಯಾಂಕ್ ಖಾತೆಗೆ ಹಣ. ಬ್ರಿಟನ್ನಿನಲ್ಲಿ ಅರ್ಜಿ ಹಾಕುವವನು ಯಂತ್ರ ಕೂರಿಸುವ ಕಸಬುದಾರ, ಮನೆಯವನು ಉಳಿದದ್ದನ್ನು ಕೊಟ್ಟರಾಯಿತು. ಇಲ್ಲಿ ಪೂರ್ಣ ಮೊತ್ತವನ್ನು, ಕೈಯಿಂದಲೋ ಸಾಲದಿಂದಲೋ, ಮೊದಲು ನಾವೇ ಹೊಂದಿಸಬೇಕು. ಇವೆಲ್ಲಕ್ಕೂ ಮೊದಲಿನದು ಇನ್ನೊಂದುಂಟು. ಬಿಲ್ಲಿನ ಮೇಲಿರುವ ಹೆಸರು ಬದುಕಿರುವವರದೇ ಎಂದು ನೋಡಿಕೊಳ್ಳಬೇಕು.

ಮೊನ್ನೆ ಅದೇ ದೋಣಿಯಲ್ಲಿ ಆ ಪರಿಚಿತರು ಮತ್ತೆ ಸಿಕ್ಕಿದರು. ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ, ಅದರ ತುಂಬ ಕಾಗದ. "ಸೋಲಾರ್ ಬಂತಾ?" ಎಂದೆ. "ಎಂತ ಬರುವುದು! ಬಿಲ್ಲು ಇನ್ನೂ ನಮ್ಮ ಅಜ್ಜನ ಹೆಸರಲ್ಲಿ ಉಂಟು. ಅವರು ತೀರಿ ಇಪ್ಪತ್ತು ವರ್ಷ ಆಯ್ತು. ಅದನ್ನು ಸರಿ ಮಾಡ್ಲಿಕ್ಕೆ ಹೋಗುವುದು," ಎಂದರು. ಹಂಡೆಯ ತೂತನ್ನೋ, ಸದ್ಯಕ್ಕೆ, ಎಂಸೀಲಿನಿಂದ ಮುಚ್ಚಿದ್ದರಂತೆ.