ಕೆರೆಗೆ ತೆಪ್ಪ, ಹಿನ್ನೀರಿಗೆ ದೋಣಿ

ಸೊರಬ, ಶಿಕಾರಿಪುರದ ಕಡೆ ಮೀನು ಹಿಡಿಯಲು ದೋಣಿ ಕೊಳ್ಳುವವರು ಬೆಲೆಗಿಂತ ಮೊದಲು ನೀರನ್ನು ನೋಡಬೇಕು. ಅದೂ ಮಳೆಗಾಲದ ತುಂಬುನೀರಲ್ಲ, ಮಾರ್ಚ್ ತಿಂಗಳಲ್ಲಿ ಉಳಿಯುವ ನೀರು.

ಇಲ್ಲಿನ ಬಹುಪಾಲು ಊರಕೆರೆಗಳು ಚಿಕ್ಕವು, ಆಳವೂ ಕಡಿಮೆ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಜನರು ಬುಟ್ಟಿಯಂಥ ಕೂಣಿ ಹಿಡಿದು ಕೆರೆಬೇಟೆಗೆ ಇಳಿಯುತ್ತಾರೆ. ಆಗ ಯಾವ ದೋಣಿಯೂ ಬೇಡ. ಅದಕ್ಕೆ ಮುಂಚಿನ ತಿಂಗಳುಗಳಿಗೆ ದುಂಡನೆಯ ತೆಪ್ಪವೇ ಸಾಕು. ಎರಡು ಮೀಟರ್ ಅಗಲದ ತಳವಿರುವ ತೆಪ್ಪಕ್ಕೆ 60 ಕಿಲೋ ತೂಕದ ಒಬ್ಬರು ಹತ್ತಿದರೆ ಅದು ಸುಮಾರು ಎರಡು ಸೆಂಟಿಮೀಟರ್ ಮಾತ್ರ ಕೆಳಗಿಳಿಯುತ್ತದೆ. ಹಾಗಾಗಿ ಮೊಣಕಾಲುದ್ದದ ನೀರಲ್ಲೂ ಜೊಂಡಿನ ಅಂಚಿನಲ್ಲೂ ಸಾಗುತ್ತದೆ. ಹಿಂದೆ ಬಿದಿರಿನ ಹೆಣಿಗೆಗೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಟಾರು ಬಳಿಯುತ್ತಾರೆ. ಹರಿದರೆ ದಡದಲ್ಲೇ ತೇಪೆ ಹಾಕಬಹುದು, ಒಬ್ಬರೇ ಹೊತ್ತು ಪಕ್ಕದ ಕೆರೆಗೂ ಒಯ್ಯಬಹುದು.

ತೆಪ್ಪದ ದೋಷವೂ ಅದರ ದುಂಡು ಆಕಾರದಲ್ಲೇ ಇದೆ. ಗಾಳಿ ಬೀಸಿದತ್ತ ತಿರುಗುತ್ತದೆ. ಎದ್ದು ನಿಂತು ಅಂಚಿಗೆ ಬಾಗಿ ಬಲೆ ಎಳೆದರೆ ವಾಲುತ್ತದೆ. ಬಯಲು ನೀರು ಉದ್ದವಾದಷ್ಟೂ ಗಾಳಿ ಎಬ್ಬಿಸುವ ಅಲೆ ದೊಡ್ಡದಾಗುತ್ತದೆ. ಕುಮುದ್ವತಿಯ ಅಂಜನಾಪುರ ಜಲಾಶಯದಲ್ಲಿ, ಅದಕ್ಕಿಂತ ಹೆಚ್ಚಾಗಿ ಪಕ್ಕದ ಸಾಗರ ತಾಲ್ಲೂಕಿನ ಲಿಂಗನಮಕ್ಕಿ ಹಿನ್ನೀರಿನಲ್ಲಿ, ಉದ್ದನೆಯ ದೋಣಿಯೇ ಸರಿ. ಅದು ನೇರ ಸಾಗುತ್ತದೆ. ಒಬ್ಬರು ಹುಟ್ಟು ಹಾಕಿದರೆ ಇನ್ನೊಬ್ಬರು ಬಲೆ ಬಿಡಬಹುದು. ದೂರ ಹೆಚ್ಚಿದ್ದರೆ ಮೋಟಾರು ಕೂರಿಸಬಹುದು. ಆದರೆ ನೀರು ಇಳಿದಾಗ ಹಿನ್ನೀರಿನ ಅಡಿಯ ಮರದ ಬೊಡ್ಡೆಗಳು ಮೇಲಕ್ಕೆ ಬರುತ್ತವೆ, ಗಮನವಿರಲಿ.

ದೊಡ್ಡದೆಂದರೆ ಎಷ್ಟು ದೊಡ್ಡದು? ಉದ್ದ, ಅಗಲ, ಎತ್ತರ ಮೂರೂ ಒಂದೂವರೆ ಪಟ್ಟಾದರೆ ದೋಣಿಯ ಗಾತ್ರ ಮೂರು ಪಟ್ಟಿಗಿಂತ ಹೆಚ್ಚುತ್ತದೆ. ಹಲಗೆ ದಪ್ಪವಾದಂತೆ ತೂಕ, ಖರ್ಚುಗಳೂ ಅದೇ ದಾರಿ ಹಿಡಿಯುತ್ತವೆ. ಅಂಥ ದೋಣಿಯನ್ನು ದಡಕ್ಕೆ ಎಳೆಯಲು ನಾಲ್ಕು ಜನ ಬೇಕು. ಆ ನಾಲ್ವರು ದಿನವೂ ಸಿಗುತ್ತಾರೆಯೇ ಎಂದು ಮೊದಲೇ ಲೆಕ್ಕ ಹಾಕಿ.

ಕೊಳ್ಳುವ ಮುನ್ನ ಜನ, ಒದ್ದೆ ಬಲೆ, ಹಿಡಿದ ಮೀನು ಇಷ್ಟರ ತೂಕ ಹೇರಿ ನೋಡಿ. ಅಂಚು ನೀರಿನಿಂದ ಒಂದು ಗೇಣಾದರೂ ಮೇಲಿರಬೇಕು. ದೋಣಿ ಯಾವುದೇ ಇರಲಿ, ಲೈಫ್ ಜಾಕೆಟ್ ಬಿಡಬೇಡಿ. ಕೆರೆಯ ಮೀನಿನ ಗುತ್ತಿಗೆ ಯಾರದೆಂದು ಪಂಚಾಯಿತಿಯಲ್ಲಿ, ದೋಣಿ ಮತ್ತು ಬಲೆಗೆ ಸಹಾಯಧನವಿದೆಯೇ ಎಂದು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಸೊರಬದ ಗುಡವಿ ಕೆರೆಗೆ ಮಾತ್ರ ಯಾವ ದೋಣಿಯೂ ಬೇಡ: ಸುಮಾರು 73 ಹೆಕ್ಟೇರ್‌ನ ಆ ಪಕ್ಷಿಧಾಮದಲ್ಲಿ ಮೀನು ನೀರುಕಾಗೆ, ಹಾವಕ್ಕಿಗಳ ಪಾಲು.

ಊರಕೆರೆಗೆ ಯಾವುದು ಎಂಬ ಅನುಮಾನವಿದ್ದರೆ ಚಿಕ್ಕದನ್ನೇ ಕೊಳ್ಳಿ. ಆದರೆ ಆ ಚಿಕ್ಕದನ್ನು ಹಿನ್ನೀರಿನ ನಡುವಿಗೆ ಒಯ್ಯಬೇಡಿ.