ಸುಳ್ಳು ಹೇಳದ ಯಂತ್ರ

ಬೋರು ಕೊರೆಸುವ ಮುನ್ನ ಅಂಗೈಯ ಮೇಲೆ ತೆಂಗಿನಕಾಯಿಯನ್ನು ಅಡ್ಡಲಾಗಿ ಇರಿಸಿಕೊಂಡು ಹೊಲದ ತುಂಬ ಸುತ್ತಾಡುವ ಮನುಷ್ಯನನ್ನು ಕಂಡು ನಗುವುದು ಬಾದಾಮಿ, ಹುನಗುಂದ, ಇಳಕಲ್ಲುಗಳ ವಿದ್ಯಾವಂತರಲ್ಲಿ ಈಗ ಒಂದು ವಾಡಿಕೆಯಾಗಿ ಪರಿಣಮಿಸಿದೆ. ಆ ನಗೆಗೆ ನನ್ನ ಆಕ್ಷೇಪಣೆಯಿಲ್ಲ. ಕಾಯಿ ಎದ್ದು ನಿಲ್ಲುವುದು ಹಿಡಿದವನ ಸ್ನಾಯುಗಳ ಅರಿವಿಲ್ಲದ ಚಲನೆಯಿಂದಲೇ ಹೊರತು ಭೂಗರ್ಭದ ಜಲದಿಂದಲ್ಲವೆಂಬುದನ್ನು ಮತ್ತೊಮ್ಮೆ ವಿವರಿಸುವ ಅಗತ್ಯವೂ ಇಲ್ಲ. ನನ್ನ ತಾಳ್ಮೆಗೆ ಭಂಗ ತರುವುದು ಬೇರೊಂದು ಭಕ್ತಿ. ಕಾಯಿಯನ್ನು ಕಂಡು ನಕ್ಕ ಅದೇ ಗೃಹಸ್ಥರು, ತಂತಿಯ ತುದಿಗೆ ಕಟ್ಟಿದ ಉಕ್ಕಿನ ಉಪಕರಣವೊಂದು ಬಾವಿಯೊಳಕ್ಕೆ ಇಳಿದು ಮೇಲಿನ ಪರದೆಯ ಮೇಲೆ ನಾಲ್ಕು ಅಂಕಿಗಳನ್ನು ಮೂಡಿಸಿತೆಂದರೆ, ಎದುರು ಪ್ರಶ್ನೆಯಿಲ್ಲದೆ ತಲೆಬಾಗಿಬಿಡುತ್ತಾರೆ.

ಬನದ ಹುಣ್ಣಿಮೆಯ ಜಾತ್ರೆಯಲ್ಲಿ, ನಾಟಕ ಕಂಪನಿಗಳ ಡೇರೆಗಳ ಹಿಂದೆ ಚಹಾ ಕುಡಿಯುತ್ತ ನಿಂತಿದ್ದ ಗುತ್ತಿಗೆದಾರರೊಬ್ಬರು ಈ ಮತದ ಸೂತ್ರವನ್ನು ನನಗೆ ಉಪದೇಶಿಸಿದರು: “ಮನಷ್ಯಾ ಸುಳ್ಳ ಹೇಳ್ತಾನ್ರೀ ಸಾಹೇಬ್ರ, ಮಶೀನ್ ಎಲ್ಲಿ ಸುಳ್ಳ ಹೇಳತೈತಿ? ಕಂಪನ್ಯಾಗ ಒಮ್ಮೆ ಸೆಟ್ ಮಾಡಿ ಕೊಟ್ರ ಮುಗೀತ್ರಿ.” ತಮ್ಮ ಬೋರಿಗೆ ಕ್ಯಾಮೆರಾ ಬಿಡಿಸಿ, ಕೇಸಿಂಗ್ ಪೈಪಿನ ಹಿಂದೆ ಎಲ್ಲವೂ ಭದ್ರವಾಗಿದೆಯೆಂದು ಅವರು ಖಾತ್ರಿ ಮಾಡಿಕೊಂಡಿದ್ದರಂತೆ. ಕ್ಯಾಮೆರಾ ಪೈಪಿನ ಒಳಮೈಯನ್ನು ಕಂಡೀತು. ಪೈಪಿನ ಹಿಂದಿರುವುದನ್ನು ಅದು ಕಾಣಲಾರದೆಂಬುದಕ್ಕೆ ಶಾಸ್ತ್ರಾಧಾರ ಬೇಕೆ? ಆದರೆ ಆ ಎರಡನೆಯ ಮಾತು, ಒಮ್ಮೆ ಸೆಟ್ ಮಾಡಿದರೆ ಮುಗಿಯಿತೆಂಬ ಮಾತು, ಜಾತ್ರೆಯ ಚಹಾದಂಗಡಿಯಲ್ಲಿ ಮಾತ್ರವಲ್ಲ, ಟೈ ಕಟ್ಟಿದ ಮಹನೀಯರ ಸಭೆಗಳಲ್ಲಿಯೂ ಕೇಳಿಬರುವಂಥದು. ಆದುದರಿಂದ ಅದಕ್ಕೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರ ಕೊಡತಕ್ಕುದು.

ಪೈಪಿನ ಹಿಂದಿರುವುದನ್ನು ತಿಳಿಯುವ ವಿದ್ಯೆ ಇಲ್ಲದಿಲ್ಲ. ಅದು ನಮ್ಮ ಬೋರುಗಳದಲ್ಲ, ಎಣ್ಣೆಬಾವಿಗಳದು. ನಮ್ಮ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯೊಡನೆ ಬೆರೆತು, ಆ ಕೃಷ್ಣೆ ಕಡಲನ್ನು ಸೇರುವ ಆಂಧ್ರದ ಕರಾವಳಿಯಲ್ಲಿ ಓಎನ್‌ಜಿಸಿಯವರು ಕೊರೆಯುವ ಬಾವಿಗಳನ್ನು ನೆನೆದರೆ ಸಾಕು. ಅಲ್ಲಿ ಉಕ್ಕಿನ ಕೇಸಿಂಗನ್ನು ಇಳಿಸಿದ ಬಳಿಕ, ಪೈಪಿಗೂ ಬಂಡೆಗೂ ನಡುವಣ ಸಂದಿನಲ್ಲಿ ಸಿಮೆಂಟಿನ ಹದವಾದ ದ್ರವವನ್ನು ಕೆಳಗಿನಿಂದ ಮೇಲಕ್ಕೆ ಒತ್ತಿ ತುಂಬುತ್ತಾರೆ. ಅದು ಗಟ್ಟಿಯಾಗಿ ಹಿಡಿದುಕೊಂಡಲ್ಲದೆ ಒಂದು ಸ್ತರದ ಅನಿಲವಾಗಲಿ ನೀರಾಗಲಿ ಮತ್ತೊಂದಕ್ಕೆ ನುಸುಳದಂತೆ ತಡೆಯುವುದು ಸಾಧ್ಯವಿಲ್ಲ. ಸಿಮೆಂಟು ಹಿಡಿದಿದೆಯೇ ಎಂದು ನೋಡಲು 1960ರ ಸುಮಾರಿನಿಂದ ಬಳಕೆಯಲ್ಲಿರುವುದು ಸಿಮೆಂಟ್ ಬಾಂಡ್ ಲಾಗ್ ಎಂಬ ಪರೀಕ್ಷೆ. ನಮ್ಮ ಪಿವಿಸಿ ಕೇಸಿಂಗುಗಳಲ್ಲಿ ಇದು ನಡೆಯದು, ಉಕ್ಕೇ ಬೇಕು. ಅಲ್ಲದೆ ನಮ್ಮಲ್ಲಿ ಕೇಸಿಂಗಿನ ಸುತ್ತ ಸಿಮೆಂಟು ತುಂಬುವವರೇ ವಿರಳವಾದುದರಿಂದ ಪರೀಕ್ಷಿಸಲು ವಸ್ತುವೂ ಇಲ್ಲ.

ಈ ಉಪಕರಣ ಸಿಮೆಂಟನ್ನು ಕಾಣುತ್ತದೆಂಬುದು ಮೊದಲ ಭ್ರಾಂತಿ. ಅದು ಕಾಣುವುದಿಲ್ಲ, ಆಲಿಸುತ್ತದೆ. ಆಲಿಸುವುದೂ ಸಿಮೆಂಟನ್ನಲ್ಲ, ಉಕ್ಕನ್ನು. ದಂಡದ ಒಂದೆಡೆ ಸೆಕೆಂಡಿಗೆ ಸುಮಾರು 20,000 ಕಂಪನಗಳ ಧ್ವನಿಯನ್ನು ಮಿಡಿಯುವ ಮೂಲ, ಅಲ್ಲಿಂದ ಮೂರು ಅಡಿ ದೂರದಲ್ಲೊಂದು, ಐದು ಅಡಿ ದೂರದಲ್ಲಿ ಮತ್ತೊಂದು ಗ್ರಾಹಕ. ಹಿಂದೆ ಬರಿಯ ನೀರಿದ್ದರೆ ಪೈಪು ತಡೆಯಿಲ್ಲದೆ ಝೇಂಕರಿಸುತ್ತದೆ, ಗ್ರಾಹಕಕ್ಕೆ ದೊಡ್ಡ ಸಂಕೇತ ಬರುತ್ತದೆ. ಸಿಮೆಂಟು ಬಿಗಿಯಾಗಿ ಹಿಡಿದಿದ್ದರೆ ಧ್ವನಿಯ ಶಕ್ತಿ ಹೊರಕ್ಕೆ ಸೋರಿಹೋಗಿ ಸಂಕೇತ ಕ್ಷೀಣಿಸುತ್ತದೆ. ಅಂದರೆ ಈ ವಿದ್ಯೆಯಲ್ಲಿ ಮೌನವೇ ಶುಭವಾರ್ತೆ. ಶುಭವಾರ್ತೆ ಮೌನದ ರೂಪದಲ್ಲಿ ಬರುವ ಕಡೆ ಮೋಸಹೋಗುವುದು ಎಷ್ಟು ಸುಲಭವೆಂಬುದನ್ನು ಓದುಗರೇ ಊಹಿಸಬಹುದು, ಏಕೆಂದರೆ ಸಿಮೆಂಟಿನಿಂದಲ್ಲದೆ ಬೇರೆ ಎಷ್ಟೋ ಕಾರಣಗಳಿಂದಲೂ ಒಂದು ಗ್ರಾಹಕ ಮೌನ ತಾಳಬಲ್ಲುದು.

ಇನ್ನು ಕ್ಯಾಲಿಬ್ರೇಷನ್ನಿನ ವಿಚಾರ. ಕಾರ್ಯಾಗಾರದಲ್ಲಿ ನೀರು ತುಂಬಿದ, ಸಿಮೆಂಟಿಲ್ಲದ ಗೊತ್ತಾದ ಪೈಪಿನಲ್ಲಿ ಉಪಕರಣವನ್ನಿಟ್ಟು ಅಳತೆಯನ್ನು ಸರಿಪಡಿಸುವುದು ಉಂಟು. ಅದಕ್ಕೆ ದಿನಾಂಕ ಹಾಕಿ, ಸಹಿಮಾಡಿ, ಮುದ್ರೆಯೊತ್ತಿ ಕಾಗದ ಕೊಡುವುದೂ ಉಂಟು. ನಮ್ಮ ಭಕ್ತರು ಆ ಕಾಗದದಲ್ಲಿಯೇ ನಿಂತುಬಿಡುತ್ತಾರೆ. ಸಂತೆಯ ತಕ್ಕಡಿಗೆ ಇನ್‌ಸ್ಪೆಕ್ಟರರ ಮುದ್ರೆ ಬಿದ್ದಿದೆಯೆಂದು, ಅದನ್ನು ಒರಗಿಸಿ ತೂಗಿದರೂ ತೂಕ ಸರಿಯೆಂದು ವಾದಿಸಿದ ಹಾಗಾಯಿತು. ಬಾವಿಯ ಆಳದ ಬಿಸಿ ಮತ್ತು ಒತ್ತಡಗಳಲ್ಲಿ ಧ್ವನಿಮೂಲದ ಬಲವೂ ಗ್ರಾಹಕದ ಸೂಕ್ಷ್ಮತೆಯೂ ಕಾರ್ಯಾಗಾರದಲ್ಲಿದ್ದಂತೆ ಇರುವುದಿಲ್ಲ. ಆದುದರಿಂದ ತಿಳಿದವರು ಬಾವಿಯಲ್ಲಿಯೇ, ಸಿಮೆಂಟಿನ ಮಟ್ಟಕ್ಕಿಂತ ಮೇಲೆ, ಹಿಂದೆ ಏನೂ ಹಿಡಿದಿಲ್ಲದ ಬರಿಪೈಪಿನ ಭಾಗವೊಂದನ್ನು ಹುಡುಕಿ, ಅಲ್ಲಿನ ಸಂಕೇತ ಆ ಗಾತ್ರದ ಪೈಪಿಗೆ ಸಲ್ಲುವ ಅಂಕಿಯನ್ನು ತೋರುವುದೇ ಎಂದು ನೋಡುತ್ತಾರೆ. ಐದೂವರೆ ಇಂಚಿನ ಪೈಪಿಗೆ ಸುಮಾರು 72 ಮಿಲಿವೋಲ್ಟ್, ಏಳು ಇಂಚಿನದಕ್ಕೆ ಸುಮಾರು 61. ಪೈಪು ದಪ್ಪಗಾದಂತೆ ಅಂಕಿ ಇಳಿಯುತ್ತದೆ. ಪರೀಕ್ಷೆ ಮುಗಿದ ಮೇಲೆ ಅದೇ ಜಾಗದಲ್ಲಿ ಮತ್ತೊಮ್ಮೆ ನೋಡುತ್ತಾರೆ, ಒಂದಷ್ಟು ಆಳವನ್ನು ಎರಡನೆಯ ಬಾರಿ ಅಳೆದು ಎರಡು ಗೆರೆಗಳು ಹೊಂದುವುವೇ ಎಂದು ಪರಾಮರ್ಶಿಸುತ್ತಾರೆ.

ಬರಿಪೈಪೆಂದು ಆರಿಸಿದ ಜಾಗ ನಿಜಕ್ಕೂ ಬರಿಯದಾಗಿರಬೇಕೆಂಬುದನ್ನು ಮರೆಯಬಾರದು. ಅಲ್ಲಿ ಅರೆಬರೆ ಸಿಮೆಂಟು ಅಂಟಿಕೊಂಡು ಸಂಕೇತ 40 ಮಿಲಿವೋಲ್ಟಿಗೆ ಇಳಿದಿದ್ದು, ಅದನ್ನೇ 61 ಎಂದು ಹೊಂದಿಸಿಬಿಟ್ಟರೆ, ಕೆಳಗಿನ ಪ್ರತಿಯೊಂದು ಅಂಕಿಯೂ ಒಂದೂವರೆ ಪಟ್ಟು ಉಬ್ಬಿ, ಒಳ್ಳೆಯ ಸಿಮೆಂಟೂ ಕೆಟ್ಟದಾಗಿ ತೋರುತ್ತದೆ. ನಿಜವಾದ ಬರಿಪೈಪಿಗೆ ಗುರುತುಂಟು: ಪೈಪು ಪೈಪು ಕೂಡುವ ಪ್ರತಿಯೊಂದು ಜೋಡಣೆಯ ಬಳಿಯೂ ಧ್ವನಿ ಪ್ರತಿಫಲಿಸಿ ಚಿತ್ರಪಟದ ಮೇಲೆ ಬಾಣದ ತುದಿಯಂತಹ ಗೆರೆಗಳು ಸ್ಫುಟವಾಗಿ ಮೂಡುತ್ತವೆ. ಅವು ಮಸುಕಾಗಿರುವಲ್ಲಿ ಕ್ಯಾಲಿಬ್ರೇಷನ್ ಮಾಡಿದ ಪುಣ್ಯಾತ್ಮನನ್ನು ಕೇಳಬೇಕಾದ ಪ್ರಶ್ನೆಗಳು ಹಲವಿರುತ್ತವೆ.

ಅಂಕಿಗಳನ್ನು ಓದುವುದರಲ್ಲಿಯೂ ಒಂದು ದೊಡ್ಡ ಪ್ರಮಾದ ನಡೆಯುತ್ತದೆ. ಏಳಿಂಚಿನ ಪೈಪಿನಲ್ಲಿ ಬರಿಪೈಪಿಗೆ 61, ಪೂರ್ಣವಾಗಿ ಹಿಡಿದ ಸಿಮೆಂಟಿಗೆ 2 ಮಿಲಿವೋಲ್ಟ್ ಎಂದಿಟ್ಟುಕೊಳ್ಳೋಣ. ಹಾಗಾದರೆ ಅರ್ಧ ಹಿಡಿದುದಕ್ಕೆ ಎಷ್ಟು? ಮೂವತ್ತು ಚಿಲ್ಲರೆ ಎಂದು ಪದವೀಧರರೂ ಕೂಡಲೇ ಹೇಳುತ್ತಾರೆ. ಧ್ವನಿ ಕ್ಷೀಣಿಸುವುದು ಗುಣಾಕಾರದ ಲೆಕ್ಕದಲ್ಲಿ, ಕಳೆಯುವ ಲೆಕ್ಕದಲ್ಲಲ್ಲ. ಆದುದರಿಂದ ಅರ್ಧಕ್ಕೆ ಸಲ್ಲುವುದು ಸುಮಾರು 11 ಮಿಲಿವೋಲ್ಟ್. ಮೂವತ್ತೊಂದರಲ್ಲಿ ಹಿಡಿದಿರುವುದು ಬರಿಯ ಐದನೆಯ ಒಂದು ಪಾಲು. ಎಣ್ಣೆಯವರು ಸಾಮಾನ್ಯವಾಗಿ ತೃಪ್ತಿಪಡುವ ನೂರಕ್ಕೆ ಎಂಬತ್ತರ ಮಟ್ಟ ಸಿಗುವುದು ಸುಮಾರು 4 ಮಿಲಿವೋಲ್ಟಿನಲ್ಲಿ. ಹೀಗೆ ಒಳ್ಳೆಯದು, ಅತ್ಯುತ್ತಮ ಎಂಬ ತೀರ್ಪುಗಳೆಲ್ಲ 2 ಮತ್ತು 4ರ ನಡುವಣ ಕಿರಿದಾದ ಇಕ್ಕಟ್ಟಿನಲ್ಲಿ ನಡೆಯುತ್ತಿರುವಾಗ, ಸೊನ್ನೆಯಿರಬೇಕಾದಲ್ಲಿ ಉಪಕರಣ ಎರಡು ಮಿಲಿವೋಲ್ಟ್ ಆಚೀಚೆ ತೋರಿದರೂ ತೀರ್ಪು ತಿರುವುಮುರುವಾಗುತ್ತದೆ. 61ರ ತುದಿಯಲ್ಲಿ ಕೂದಲೆಳೆಯಷ್ಟು ನಿಖರತೆಗಾಗಿ ಪರದಾಡಿ, ಸೊನ್ನೆಯ ತುದಿಯನ್ನು ನೋಡದೆ ಬಿಡುವವರಿದ್ದಾರೆ.

ಇಷ್ಟೆಲ್ಲ ಸರಿಮಾಡಿದ ಮೇಲೂ ಉಪಕರಣ ಪೈಪಿನ ನಟ್ಟನಡುವೆ ನಿಂತಿರತಕ್ಕುದು. ಅದನ್ನು ಹಾಗೆ ನಿಲ್ಲಿಸಲು ಬಿಲ್ಲಿನ ಹಾಗೆ ಬಾಗಿದ ಸ್ಪ್ರಿಂಗ್ ಪಟ್ಟಿಗಳಿರುತ್ತವೆ. ಅವು ಸವೆದಿದ್ದರೆ, ಅಥವಾ ಬಾವಿ ಓರೆಯಾಗಿದ್ದು ಉಪಕರಣದ ಭಾರಕ್ಕೆ ಅವು ಕುಸಿದರೆ, ದಂಡ ಒಂದು ಮಗ್ಗುಲಿಗೆ ಸರಿಯುತ್ತದೆ. ಕಾಲಿಂಚು ಸರಿದರೂ ಸಾಕು, ಪೈಪಿನ ಎರಡು ಪಾರ್ಶ್ವಗಳಿಂದ ಬರುವ ಧ್ವನಿಗಳು ಬೇರೆ ಬೇರೆ ಹೊತ್ತಿಗೆ ತಲಪಿ ಒಂದನ್ನೊಂದು ಅಳಿಸಿಕೊಂಡು, ಸಂಕೇತ ಅರ್ಧಕ್ಕೆ ಕುಸಿಯಬಲ್ಲುದು. ಮೇಲಿನ ಲೆಕ್ಕದಲ್ಲಿ 8 ಮಿಲಿವೋಲ್ಟ್ ತೋರಬೇಕಾದುದು 4 ತೋರಿತೆನ್ನಿ: ನೂರಕ್ಕೆ ಐವತ್ತೊಂಬತ್ತರಷ್ಟು ಮಾತ್ರ ಹಿಡಿದ ಸಿಮೆಂಟು ಎಂಬತ್ತರ ಅಂಕವನ್ನು ಪಡೆದು ತೇರ್ಗಡೆಯಾಯಿತು! ಯಂತ್ರ ಕೆಟ್ಟಿಲ್ಲ, ಮುದ್ರೆ ಅಳಿಸಿಲ್ಲ, ಯಾರೂ ಮೋಸ ಮಾಡಿಲ್ಲ. ಆದರೂ ಕಾಗದದ ಮೇಲೆ ಬಿದ್ದುದು ಅಪ್ಪಟ ಸುಳ್ಳು. ಧ್ವನಿ ತಲಪಲು ಹಿಡಿದ ಕಾಲವನ್ನು ಪಕ್ಕದಲ್ಲಿಯೇ ದಾಖಲಿಸಿರುತ್ತಾರೆ. ದಂಡ ಮಗ್ಗುಲಿಗೆ ಸರಿದಾಗ ಹತ್ತಿರದ ಪಾರ್ಶ್ವದ ಧ್ವನಿ ನಿಯತಕಾಲಕ್ಕಿಂತ ಮುಂಚೆಯೇ ಬಂದು ಗುಟ್ಟು ಹೊರಬೀಳುತ್ತದೆ. ಆ ಗೆರೆಯತ್ತ ಕಣ್ಣು ಹಾಯಿಸುವ ವ್ಯವಧಾನ ಎಷ್ಟು ಮಂದಿಗಿದೆ?

ತದ್ವಿರುದ್ಧವಾದ ಚೋದ್ಯವೂ ಒಂದುಂಟು, ಅದನ್ನು ಅರಿಯಲು ಬಾಗಲಕೋಟೆಯವರಷ್ಟು ಅರ್ಹರು ಬೇರಿಲ್ಲ. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವರ್ಣಿಸಿದ ಕಲಾದಗಿ ಶಿಲಾಸಮೂಹದ ಸುಣ್ಣಗಲ್ಲು ಮತ್ತು ಡಾಲಮೈಟುಗಳು ನಮ್ಮ ಕಾಲಕೆಳಗೇ ಇವೆ. ಬಾಗಲಕೋಟೆಯ ಸಿಮೆಂಟ್ ಕಾರ್ಖಾನೆ ಸುಟ್ಟುದು ಈ ಸುಣ್ಣಗಲ್ಲನ್ನೇ. ಉಕ್ಕಿನಲ್ಲಿ ಧ್ವನಿ ಒಂದಡಿ ಸಾಗಲು 57 ಮೈಕ್ರೋಸೆಕೆಂಡು ತೆಗೆದುಕೊಂಡರೆ, ರಂಧ್ರವಿಲ್ಲದ ಗಟ್ಟಿ ಸುಣ್ಣಗಲ್ಲಿನಲ್ಲಿ ಸುಮಾರು 47, ಡಾಲಮೈಟಿನಲ್ಲಿ ಸುಮಾರು 43 ಸಾಕು. ಇಂತಹ ಶಿಲೆಯ ಎದುರಿನಲ್ಲಿ ಸಿಮೆಂಟು ಚೆನ್ನಾಗಿ ಹಿಡಿದಿದ್ದರೆ, ಧ್ವನಿ ಅದನ್ನು ದಾಟಿ ಬಂಡೆಯನ್ನು ಹೊಕ್ಕು, ಉಕ್ಕಿನ ಮೂಲಕ ಬರುವುದಕ್ಕಿಂತ ಮೊದಲೇ ಗ್ರಾಹಕವನ್ನು ಮುಟ್ಟುತ್ತದೆ. ಉಪಕರಣ ಅದನ್ನೇ ಪೈಪಿನ ಧ್ವನಿಯೆಂದು ಭಾವಿಸಿ ಸಿಮೆಂಟು ಕೆಟ್ಟಿದೆಯೆಂದು ಘೋಷಿಸುತ್ತದೆ. ಸಿಮೆಂಟು ಉತ್ತಮವಾಗಿರುವುದೇ ಇಲ್ಲಿ ಅದರ ಅಪಕೀರ್ತಿಗೆ ಕಾರಣ! ಯಾವ ಕ್ಯಾಲಿಬ್ರೇಷನ್ನೂ ಇದನ್ನು ಪರಿಹರಿಸದು. ಬಾವಿ ಯಾವ ಶಿಲೆಯನ್ನು ಹಾದುಹೋಗಿದೆಯೆಂದು ಬಲ್ಲ ಮನುಷ್ಯನೇ ಬೇಕು.

ಉಳಿದ ಭ್ರಾಂತಿಗಳನ್ನು ಹೆಸರಿಸಿ ಮುಂದುವರಿಯುತ್ತೇನೆ. ಸಿಮೆಂಟು ತುಂಬಿದ ಮರುಗಳಿಗೆಯಲ್ಲಿ ಲಾಗ್ ಮಾಡಿ ಕೆಟ್ಟಿತೆಂದು ಗೋಳಾಡುವವರಿದ್ದಾರೆ. ಅದು ಗಟ್ಟಿಯಾಗಲು ದಿನಗಳು ಬೇಕು. ಪೈಪಿಗೂ ಸಿಮೆಂಟಿಗೂ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕಿದ್ದರೆ ಪೈಪಿನೊಳಗೆ ಒತ್ತಡ ಕೊಟ್ಟು ಮತ್ತೊಮ್ಮೆ ಅಳೆಯಬೇಕು, ಆಗ ಗೆರೆ ಸುಧಾರಿಸಿದರೆ ಸಿಮೆಂಟು ಇದೆಯೆಂದೇ ಅರ್ಥ. ಇನ್ನು ನಮ್ಮ ಬೋರಿನ ಬಾಯಿಯ ಸುತ್ತ ಕಟ್ಟುವ ಕಾಂಕ್ರೀಟಿನ ಕಟ್ಟೆ ಒಳಗಿನ ಸಂದನ್ನೂ ಮುಚ್ಚುತ್ತದೆಂಬುದು ಶುದ್ಧ ಕಲ್ಪನೆ: ಸುಪ್ರೀಂ ಕೋರ್ಟು 2010ರಲ್ಲಿ, ಮಕ್ಕಳು ಬೋರಿಗೆ ಬೀಳುವುದನ್ನು ತಡೆಯಲೆಂದು ವಿಧಿಸಿದ ಆ ಕಟ್ಟೆ ನೆಲದೊಳಗೆ ಇಳಿಯುವುದು ಮೂವತ್ತು ಸೆಂಟಿಮೀಟರು ಮಾತ್ರ.

ಯಂತ್ರವನ್ನು ನಂಬಬಾರದೆಂದು ನಾನು ಹೇಳಿದೆನೆಂದು ಯಾರಾದರೂ ಭಾವಿಸಿದರೆ ಅವರಿಗೊಂದು ಉದಾಹರಣೆ. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ಮಕಾಂಡೊ ಬಾವಿಯಲ್ಲಿ, ಇದೇ ಸಿಮೆಂಟ್ ಪರೀಕ್ಷೆಗೆಂದು ಬಂದಿದ್ದ ತಂಡವನ್ನು ಬಾವಿಯ ಒಡೆಯರು ಕೆಲಸ ಮಾಡಿಸದೆಯೇ ಹಿಂದಕ್ಕೆ ಕಳುಹಿಸಿದರು. ಒತ್ತಿದ ದ್ರವವೆಲ್ಲ ಸರಿಯಾಗಿ ಹಿಂತಿರುಗಿದೆ, ಇನ್ನೇಕೆ ಪರೀಕ್ಷೆ ಎಂಬುದು ಅವರ ತರ್ಕ. ಅದೇ ದಿನ ಒತ್ತಡಮಾಪಕ, ಸೊನ್ನೆಯಲ್ಲಿ ನಿಲ್ಲಬೇಕಾದಲ್ಲಿ, ಚದರ ಇಂಚಿಗೆ 1,400 ಪೌಂಡು ತೋರಿಸಿತು. ಆ ಮಾಪಕ ನಿಜವನ್ನೇ ಹೇಳುತ್ತಿದ್ದಿತು. ಅಲ್ಲಿದ್ದವರು ಅದಕ್ಕೊಂದು ಹಿತವಾದ ವಿವರಣೆಯನ್ನು ಕಲ್ಪಿಸಿಕೊಂಡು ಮುಂದುವರಿದರು. ರಾತ್ರಿ ಬಾವಿ ಸಿಡಿದು ಹನ್ನೊಂದು ಮಂದಿ ಸತ್ತರು. ಯಂತ್ರ ನಮಗೆ ಬೇಕಾದುದನ್ನು ಹೇಳಿದಾಗ ಅದು ಹರಿಶ್ಚಂದ್ರ, ಬೇಡವಾದುದನ್ನು ಹೇಳಿದಾಗ ಅದಕ್ಕೇನೋ ದೋಷ: ಕಾಯಿ ಹಿಡಿದವನ ಶಿಷ್ಯರಲ್ಲಿಯೂ ಇದೇ ರೀತಿಯ ನಿಷ್ಠೆಯನ್ನು ನಾನು ಕಂಡಿದ್ದೇನೆ. ಬೋರಿಗೆ ನೀರು ಬಿದ್ದರೆ ಕಾಯಿಯ ಮಹಿಮೆ, ಬೀಳದಿದ್ದರೆ ಹೊಲದ ಮಾಲೀಕನ ಕರ್ಮ.

ದೂರದ ಎಣ್ಣೆಬಾವಿ ನಮಗೇಕೆಂದು ಕೇಳುವವರು ತಮ್ಮ ಅಂಗಿಯ ಜೇಬನ್ನು ನೋಡಿಕೊಳ್ಳಲಿ. ಇಳಕಲ್ಲು, ಹುನಗುಂದಗಳಲ್ಲಿ ಈಗ ನೀರಿನ ಶುದ್ಧತೆಯನ್ನು ಅಳೆಯುವುದೆಂದು ಟಿಡಿಎಸ್ ಪೆನ್ನನ್ನು ಸಿಕ್ಕಿಸಿಕೊಂಡು ತಿರುಗುವ ಮಹಾಶಯರುಂಟು. ಅದು ಅಳೆಯುವುದು ನೀರು ವಿದ್ಯುತ್ತನ್ನು ಎಷ್ಟು ಹರಿಯಗೊಡುವುದೆಂಬುದನ್ನು. ಅದನ್ನು ಅರ್ಧವೋ ಮುಕ್ಕಾಲಿಗೆ ತುಸು ಕಡಮೆಯೋ ಆದ ಒಂದು ಗುಣಕದಿಂದ ಗುಣಿಸಿ ಲವಣದ ಅಂಕಿಯಾಗಿ ತೋರಿಸುತ್ತದೆ. 25 ಡಿಗ್ರಿಯಲ್ಲಿ 1,413 ಮೈಕ್ರೋಸೀಮೆನ್ಸ್ ತೋರುವ ಪೊಟ್ಯಾಸಿಯಮ್ ಕ್ಲೋರೈಡಿನ ದ್ರಾವಣದಲ್ಲಿ ಆಗಾಗ ಅದ್ದಿ ಸರಿಪಡಿಸಬೇಕಾದ ಆ ಪೆನ್ನಿನ ಜೊತೆಗೆ ದ್ರಾವಣದ ಸೀಸೆಯನ್ನೂ ಇಟ್ಟುಕೊಂಡವರನ್ನು ನಾನು ಇನ್ನೂ ಕಾಣಬೇಕಾಗಿದೆ. ಸರಿಪಡಿಸಿಯೇ ಇದ್ದರೂ, ಈ ಗ್ರಾನೈಟಿನ ಸೀಮೆಯ ನಿಜವಾದ ಪೀಡೆಯಾದ ಫ್ಲೋರೈಡಿನ ಬಗ್ಗೆ ಅದು ಏನನ್ನೂ ಹೇಳಲಾರದು: ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಮು ಒಪ್ಪತಕ್ಕ ಮಿತಿ, ಬೇರೆ ಗತಿಯಿಲ್ಲದಿದ್ದರೆ 1.5. ಒಟ್ಟು ಲವಣ 400 ಇರುವ ನೀರಿನಲ್ಲಿ ಫ್ಲೋರೈಡು ಅರ್ಧವಿದ್ದರೂ ಮೂರಿದ್ದರೂ ಪೆನ್ನಿನ ಅಂಕಿ ಒಂದೇ, ಅದನ್ನು ಕಂಡು ತಲೆದೂಗುವ ರೀತಿಯೂ ಒಂದೇ.